ರೋಗಕ್ಕೆ ಬಿಟ್ಟ ಗಿಡಗಳು

ಆ ವರ್ಷ ತುಳುವರ ಮಳೆಗಾಲದ ಆಟಿ ತಿಂಗಳು ಹುಟ್ಟಿದಾಗ ತಲೆಯ ಮೇಲೆ ಕೆಸುವಿನ ತೋಟವೇ ಇದ್ದರೂ ರಾಜೀವಿ ಪತ್ರೊಡೆಗೆ ಬೇಕಾದ ಎಲೆಯನ್ನು ಮುಂಬಯಿಯ ಮುಲುಂಡ್ ಸ್ಟೇಷನ್ನಿನ ಹೊರಗೆ ದುಡ್ಡು ಕೊಟ್ಟು ತಂದರು. ತಂದದ್ದನ್ನು ಎಲ್ಲರಿಗೂ ಕಾಣುವಂತೆ ಊಟದ ಮೇಜಿನ ನಡುವೆ ಇಟ್ಟರು.

"ಟೆರೇಸಿನಲ್ಲಿ ಅಷ್ಟು ಉಂಟು. ಒಂದು ಹತ್ತು ಎಲೆ ಕೊಯ್ದರೆ ನಿನ್ನ ಆಫೀಸು ಮುಳುಗ್ತದಾ?"

"ಮುಳುಗ್ತದೆ ಮಾಮಿ," ಎಂದಳು ಸೊಸೆ ನಮಿತಾ, ಡಬ್ಬಿಯ ಮುಚ್ಚಳ ಒತ್ತುತ್ತ.

"ನಾವು ತಿನ್ನಲಿಕ್ಕೆ ಇಲ್ಲದ ಕೆಸು ಎಂತಕ್ಕೆ ಮಾರಾಯ್ತಿ?"

"ರೋಗ ತಿನ್ಲಿಕ್ಕೆ."

ರಾಜೀವಿ ಗಂಡನ ಮುಖ ನೋಡಿದರು. ದೂಜ ಗಂಜಿಯ ಬಟ್ಟಲಿನಿಂದ ತಲೆ ಎತ್ತಲಿಲ್ಲ. ನಲವತ್ತು ವರ್ಷ ಮುಂಬಯಿಯ ಹೋಟೆಲುಗಳಲ್ಲಿ ಸಾಂಬಾರು ಕುದಿಸಿ ನಿವೃತ್ತರಾದ ಮೇಲೆ, ಅಡುಗೆಮನೆಯ ಯಾವ ಜಗಳದಲ್ಲೂ ಪಾಲು ತೆಗೆದುಕೊಳ್ಳುವುದಿಲ್ಲ ಎಂದು ಅವರು ನಿಶ್ಚಯಿಸಿದ್ದರು. ಮೊಮ್ಮಗಳು ಯಕ್ಷಿತಾ ಮೊಬೈಲಿನಿಂದ ಕಣ್ಣೆತ್ತದೆ ಅಜ್ಜಿಗೆ ಪಾಠ ಹೇಳಿದಳು.

"ಅಜ್ಜಿ, ಮಮ್ಮಿ ಗಿಡಗಳನ್ನು ಜಾನ್‌ಬೂಝ್‌ಕೇ ಬೀಮಾರ್ ಮಾಡ್ತಾಳೆ. ಎಕ್ಸಾಮ್ ಇದ್ದ ಹಾಗೆ. ಫೇಲ್ ಆದವರು ಸಾಯ್ತಾರೆ, ಪಾಸ್ ಆದವರು ಇರ್ತಾರೆ."

"ನಿನ್ನ ಎಕ್ಸಾಮಿಗೆ ಆ ನಿಯಮ ಇಲ್ಲದ್ದು ನಿನ್ನ ಪುಣ್ಯ," ಎಂದ ಅವಳ ಅಪ್ಪ ಧನರಾಜ್.

ನಮಿತಾ ಕೆಲಸ ಮಾಡುತ್ತಿದ್ದದ್ದು ಗಡ್ಡೆ ಬೆಳೆಗಳ ಒಂದು ತಳಿ ಕೇಂದ್ರದಲ್ಲಿ. ಮರಗೆಣಸು, ಸಿಹಿಗೆಣಸು, ಕೆಸುಗಳಿಗೆ ಬರುವ ರೋಗಗಳನ್ನು ತಾವಾಗಿಯೇ ತಡೆದುಕೊಳ್ಳುವ ತಳಿಗಳನ್ನು ಎಬ್ಬಿಸುವುದು ಅಲ್ಲಿಯ ಕೆಲಸ. ಅವಳ ಪಾಲಿಗೆ ಬಂದದ್ದು ಕೆಸು, ಮತ್ತು ಕೆಸುವಿನ ಎಲೆಗೆ ಬರುವ ಅಂಗಮಾರಿ. ಮಳೆಗಾಲದಲ್ಲಿ ಒಂದು ಎಲೆಯ ಮೇಲೆ ನಾಣ್ಯದಷ್ಟು ಕಂದು ಮಚ್ಚೆ ಬಿದ್ದರೆ ವಾರದೊಳಗೆ ಹೊಲಕ್ಕೆ ಹೊಲವೇ ಬೇಯಿಸಿದ ಸೊಪ್ಪಿನ ಹಾಗೆ ಜೋತು ಬೀಳುತ್ತದೆ. ಮಣ್ಣಿನೊಳಗೆ ಗಡ್ಡೆ ಗೋಲಿಯಷ್ಟಕ್ಕೇ ನಿಂತುಹೋಗುತ್ತದೆ. ಕೆಸು ಹೂ ಬಿಡುವುದೇ ಅಪರೂಪ. ಔಷಧಿ ಕೊಟ್ಟು ಅದರಿಂದ ಹೂ ಬರಿಸಿ, ಈಶಾನ್ಯದ ಗುಡ್ಡಗಳಿಂದ ತಂದ ಕಾಡುಕೆಸುವಿನ ಪರಾಗವನ್ನು ಕುಂಚದಲ್ಲಿ ಊರುಕೆಸುವಿಗೆ ಮುಟ್ಟಿಸಿ, ರಾಗಿಗಿಂತ ಸಣ್ಣ ಬೀಜ ಹಿಡಿದು, ಅದನ್ನು ಗಿಡ ಮಾಡುವಷ್ಟರಲ್ಲಿ ಅವಳ ಮೂರು ವರ್ಷ ಹೋಗಿತ್ತು. ಗಿಡಗಳು ಏಳುವ ಹೊತ್ತಿಗೆ ಕೇಂದ್ರದಲ್ಲಿ ಗಿಡ ಬೆಳೆಸುವ ಬಲೆಮನೆ ಇದ್ದ ಜಾಗವನ್ನು ಪಾರ್ಕಿಂಗಿಗೆ ತೆಗೆದುಕೊಂಡರು. ವಿಜ್ಞಾನ ಟೆಂಪೋ ಹತ್ತಿ ಮುಲುಂಡಿನ ಬಿಲ್ಡಿಂಗಿನ ಟೆರೇಸಿಗೆ ಬಂತು.

ಸೊಸೈಟಿಯ ಸೆಕ್ರೆಟರಿ ಕಸ್ತೂರಿಬಾಯಿ ಧಾರವಾಡದವರು. ಕನ್ನಡದವರು ಎಂಬ ಒಂದೇ ಕಾರಣಕ್ಕೆ ಒಪ್ಪಿಗೆ ಕೊಟ್ಟಿದ್ದರು. ಕೊಟ್ಟದ್ದಕ್ಕೆ ವಾರಕ್ಕೊಮ್ಮೆ ಪಶ್ಚಾತ್ತಾಪ ಪಡುತ್ತಿದ್ದರು.

"ಏನವಾ ನಮಿತಾ, ನಿನ್ನ ಗಿಡಾ ಕೊಳೀಲಿಕ್ಕೆ ಹತ್ಯಾವಲ್ಲ. ಜಡ್ಡು ನಮ್ಮ ಮನಿಯೊಳಗ ಬಂದ್ರ ಏನ ಮಾಡೂದು?"

"ಅದು ಕೆಸುವಿಗೆ ಮಾತ್ರ ಬರೋದು, ಆಂಟಿ."

"ನಮ್ಮ ಮನ್ಯಾಗ ಮೊಮ್ಮಗಾ ಕೆಸುವಿನಗತೇನ ಬೆಳದಾನವಾ. ಅದಕ್ಕ ಕೇಳಿದೆ."

ಕುಂಡಗಳನ್ನು ನಮಿತಾ ಸಾಲು ಸಾಲಾಗಿ ಇಟ್ಟಿದ್ದಳು. ಎರಡು ಸಾಲು ಹೊಸ ಗಿಡಗಳ ನಡುವೆ ಒಂದು ಸಾಲು ಹಳೆಯ ದುರ್ಬಲ ತಳಿ. ಈ ನಡುವಿನ ಸಾಲಿಗೆ ಮೊದಲು ರೋಗ ಹಚ್ಚಬೇಕು. ಮಳೆಯ ಹನಿ ಸಿಡಿದು ಅದು ಅಕ್ಕಪಕ್ಕಕ್ಕೆ ದಾಟಬೇಕು. ಆಗಲೂ ಹಸಿರಾಗಿ ನಿಂತ ಗಿಡವೇ ಅವಳಿಗೆ ಬೇಕಾದದ್ದು. ಇದನ್ನು ಅವಳು ಮನೆಯಲ್ಲಿ ಮುಚ್ಚಿಟ್ಟಿರಲಿಲ್ಲ. ಆದರೆ ನೆಟ್ಟು ನೀರು ಹಾಕಿದವಳು ತನ್ನ ಗಿಡ ಸಾಯಲಿ ಎಂದು ಕಾಯುತ್ತಾಳೆ ಎಂಬುದನ್ನು ದೂಜ, ರಾಜೀವಿ ಇಬ್ಬರೂ ದೊಡ್ಡ ಆಫೀಸಿನವರು ಆಡುವ ಮಾತೆಂದು ಬಿಟ್ಟುಬಿಟ್ಟಿದ್ದರು.

ಧನರಾಜ್ ಸಯನ್ನಿನ ಒಂದು ಹೋಟೆಲಿನಲ್ಲಿ ಮ್ಯಾನೇಜರನಾಗಿದ್ದ. ಮಾರ್ಚಿನಲ್ಲಿ ಆ ಕಟ್ಟಡವನ್ನು ಕೆಡವಿದರು. ಹೋಟೆಲಿನ ಧಣಿ ಊರಿಗೆ ಹೋದರು, ಮಾಣಿಗಳು ಬೇರೆ ಬೇರೆ ಕಡೆ ಸೇರಿಕೊಂಡರು, ಧನರಾಜ್ ಮಾತ್ರ ಮ್ಯಾನೇಜರನಾಗಿಯೇ ಉಳಿದ. ದಿನವೂ ಇಸ್ತ್ರಿ ಹಾಕಿದ ಶರ್ಟು ತೊಟ್ಟು "ಒಬ್ಬರನ್ನು ಮೀಟ್ ಆಗ್ಲಿಕ್ಕುಂಟು" ಎಂದು ಹೊರಡುತ್ತಿದ್ದ. ಊಟದ ಹೊತ್ತಿಗೆ ಸರಿಯಾಗಿ ಬರುತ್ತಿದ್ದ. ಮನೆಯ ಬಾಡಿಗೆ, ಮಗಳ ಕ್ಲಾಸು, ಅಪ್ಪನ ಬಿ.ಪಿ. ಮಾತ್ರೆ ಎಲ್ಲವೂ ನಮಿತಾಳ ಸಂಬಳದ ಮೇಲೆ ಬಂದು ಕೂತಿದ್ದವು. ಮನೆಯ ಪರಿಸ್ಥಿತಿ ಏನೆಂಬುದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ತಟ್ಟೆಯೇ ಹೇಳುತ್ತಿತ್ತು. ದುಬಾರಿ ಅಂಜಲ್ ಮೀನು ಹೋಗಿ ಬಂಗುಡೆ ಬಂತು, ಬಂಗುಡೆ ಹೋಗಿ ಬೂತಾಯಿ ಬಂತು, ಜುಲೈಯ ಹೊತ್ತಿಗೆ ಒಣಮೀನಿನ ಚಟ್ನಿ.

"ಮಳೆಗಾಲ ಅಲ್ವಾ, ಮೀನು ಎಲ್ಲಿ ಬರ್ತದೆ?" ಎಂದು ರಾಜೀವಿ ಬಡಿಸುವಾಗ ಸುಮ್ಮನೆ ಹೇಳುತ್ತಿದ್ದರು.

ನಮಿತಾಳದ್ದು ಕಾಂಟ್ರಾಕ್ಟ್ ಕೆಲಸ. ಸೆಪ್ಟೆಂಬರ್ ಕೊನೆಗೆ ಮುಗಿಯುತ್ತದೆ. ಅದರೊಳಗೆ ರೋಗ ತಡೆಯುವ ಒಂದೇ ಒಂದು ಗಿಡ ತೋರಿಸಿದರೆ ಯೋಜನೆ ಎರಡು ವರ್ಷ ಮುಂದುವರಿಯುತ್ತದೆ. ಇಲ್ಲವಾದರೆ ಯೋಜನೆಯೂ ಇಲ್ಲ, ಸಂಬಳವೂ ಇಲ್ಲ.

"ಇಲ್ಲದಿದ್ದರೆ?" ಎಂದು ಒಂದು ಸಂಜೆ ಧನರಾಜ್ ಕೇಳಿದ.

"ಇಲ್ಲದಿದ್ದರೆ ಈ ಮನೆ ಬಿಡಬೇಕು. ಬೇರೆ ಎಂತ ಉಂಟು?"

"ಬಿಟ್ಟು ಎಲ್ಲಿಗೆ?"

"ನೀನು ದಿನಾ ಮೀಟ್ ಆಗ್ತೀಯಲ್ಲ, ಅವರನ್ನು ಕೇಳು."

ಧನರಾಜ್ ಎದ್ದು ಬಾಲ್ಕನಿಗೆ ಹೋದ. ರಾಜೀವಿ ಟಿ.ವಿ.ಯ ಸದ್ದು ಸ್ವಲ್ಪ ಏರಿಸಿದರು. ಆದರೆ ಗೋಡೆಗೆ ಒರಗಿ ಕೂತಿದ್ದ ದೂಜರಿಗೆ ಎಲ್ಲವೂ ಕೇಳಿತ್ತು. ಅವರು ತಿಳಿದುಕೊಂಡದ್ದಿಷ್ಟು: ಮೇಲಿನ ಗಿಡ ಬದುಕಿದರೆ ಮನೆ ಉಂಟು, ಗಿಡ ಸತ್ತರೆ ಮನೆ ಇಲ್ಲ. ಮಾರನೆಯ ಬೆಳಿಗ್ಗೆ ಟೆರೇಸಿಗೆ ಹೋಗಿ ನೋಡಿದರೆ ನಡುವಿನ ಸಾಲು ಕೊಳೆಯಲು ಹತ್ತಿತ್ತು.

ಆಟಿ ಅಮಾವಾಸ್ಯೆಗೆ ನಮಿತಾ ಮೀಟಿಂಗಿಗೆಂದು ಪುಣೆಗೆ ಹೋಗಿದ್ದಳು. ಕರಾವಳಿಯವರಿಗೆ ಅದು ಮದ್ದು ಕುಡಿಯುವ ದಿನ. ಬೆಳಕು ಹರಿಯುವ ಮೊದಲು ಪಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು, ರಸ ತೆಗೆದು, ಕಾಳುಮೆಣಸು ಬೆಳ್ಳುಳ್ಳಿ ಸೇರಿಸಿ ಮನೆಮಂದಿಯೆಲ್ಲ ಖಾಲಿ ಹೊಟ್ಟೆಗೆ ಕುಡಿಯಬೇಕು. ಕಾಯಿಲೆ ಬಂದವರಿಗಲ್ಲ, ಬಾರದವರಿಗೆ, ಬಾರದಿರಲಿ ಎಂದು. ಊರಿನಲ್ಲಿ ಪಾಲೆ ಮರ ಹುಡುಕಿ ಗುಡ್ಡ ಹತ್ತಬೇಕು. ಮುಂಬಯಿಯಲ್ಲಿ ಮುನ್ಸಿಪಾಲಿಟಿಯವರೇ ಸಪ್ತಪರ್ಣಿ ಎಂದು ಹೆಸರಿಟ್ಟು ರಸ್ತೆಯುದ್ದಕ್ಕೂ ನೆಟ್ಟಿದ್ದಾರೆ. ದೂಜ ಪ್ರತಿವರ್ಷದಂತೆ ಪಕ್ಕದ ಬ್ಯಾಂಕಿನ ಎದುರಿನ ಮರಕ್ಕೆ ಹೋಗಿ ವಾಚ್‌ಮನ್ನನಿಗೆ ಕೈಮುಗಿದು ತೊಗಟೆ ತಂದರು.

ಧನರಾಜ್ ಮೂಗು ಹಿಡಿದು ಕುಡಿದ. ಯಕ್ಷಿತಾ ಅರ್ಧ ಕುಡಿದು, "ದಿಸ್ ಈಸ್ ಚೈಲ್ಡ್ ಅಬ್ಯೂಸ್," ಎಂದಳು. ಬಾಯಿಗೆ ಬೆಲ್ಲದ ತುಂಡು ಇಟ್ಟು ರಾಜೀವಿ ಎಲ್ಲರಿಗೂ ಮೆಂತೆ ಗಂಜಿ ಬಡಿಸಿದರು. ಮಗ ಹೊರಗೆ ಹೊರಟ ಮೇಲೆ ಗಂಡ ಹೆಂಡತಿ ಇಬ್ಬರೇ ಟೆರೇಸಿಗೆ ಹೋದರು. ದೂಜರ ಕೈಯಲ್ಲಿ ಪ್ಲಾಸ್ಟಿಕ್ ಬಕೆಟು, ರಾಜೀವಿಯ ಕೈಯಲ್ಲಿ ತೆಂಗಿನ ಕಡ್ಡಿಯ ಹಿಡಿ.

ಮುಂಬಯಿಗೆ ಬರುವ ಮೊದಲು ದೂಜ ಹುಡುಗನಾಗಿದ್ದಾಗ ಊರಿನ ವೀಳ್ಯದೆಲೆಯ ತೋಟದಲ್ಲಿ ಕೆಲಸಕ್ಕಿದ್ದರು. ಮಳೆಗಾಲದಲ್ಲಿ ಬಳ್ಳಿ ಕೊಳೆಯದಿರಲೆಂದು ಮೈಲುತುತ್ತು, ಸುಣ್ಣ ಕಲಸಿ ಹೊಡೆಯುತ್ತಿದ್ದರು. ಕೈ ಇನ್ನೂ ಮರೆತಿರಲಿಲ್ಲ. ರಾಜೀವಿ ಕೊಳೆತ ಸಾಲನ್ನು ಒಂದೂ ಬಿಡದೆ ಕಿತ್ತು ಕಸದ ಗಾಡಿಗೆ ಹಾಕಿದರು. ಉಳಿದ ಪ್ರತಿ ಗಿಡದ ಪ್ರತಿ ಎಲೆಗೂ, ಮೇಲೂ ಕೆಳಗೂ, ದೂಜ ತುತ್ತಿನ ನೀರು ಚಿಮುಕಿಸಿದರು.

"ನಮಗೆ ಪಾಲೆ, ಇವಕ್ಕೆ ತುತ್ತು," ಎಂದರು. "ಎಲ್ಲರದ್ದೂ ಆಯ್ತು."

"ನಮಿತಾಳದ್ದು ಫ್ರಿಜ್ಜಿನಲ್ಲಿ ಇಟ್ಟಿದ್ದೇನೆ," ಎಂದರು ರಾಜೀವಿ.

ಮಾರನೆಯ ಮಧ್ಯಾಹ್ನ ನಮಿತಾ ಬಂದಳು. ರಾಜೀವಿ ಗ್ಲಾಸು ಮುಂದೆ ಹಿಡಿದರು. ಅವಳು ನಿಂತೇ ಕುಡಿದಳು, ಮುಖ ಕಿವುಚಿದಳು, ಬ್ಯಾಗು ಇಟ್ಟು ಟೆರೇಸಿಗೆ ಹೋದಳು. ಬಹಳ ಹೊತ್ತು ಇಳಿದು ಬರಲಿಲ್ಲ. ಯಕ್ಷಿತಾಳನ್ನು ಕಳಿಸಿದರು. ಅವಳು ಓಡುತ್ತ ಬಂದು, "ಅಜ್ಜಾ, ಮಮ್ಮಿ ನೆಲದಲ್ಲಿ ಕೂತಿದ್ದಾಳೆ," ಎಂದಳು.

ದೂಜ ಹೋದರು. ಸೊಸೆ ಸಂತೋಷಕ್ಕೆ ಕೂತಿದ್ದಾಳೆಂದೇ ತಿಳಿದಿದ್ದರು.

"ಹೇಗಿದೆ? ಒಂದಕ್ಕೂ ಚುಕ್ಕೆ ಇಲ್ಲ ನೋಡು."

"ಯಾರು ಹೊಡೆದದ್ದು ಮಾವ?"

"ನಾನೇ. ಅಮಾವಾಸ್ಯೆ ಅಲ್ವಾ?"

ಎಲೆಗಳ ಮೇಲೆ ನೀಲಿ ಬಿಳಿ ಹನಿಗಳು ಒಣಗಿದ್ದವು. ನಮಿತಾ ಒಂದು ಎಲೆಯನ್ನು ಬೆರಳಿನಿಂದ ಉಜ್ಜಿದಳು. ಹೋಗಲಿಲ್ಲ.

"ಇನ್ನು ಯಾವುದು ಗಟ್ಟಿ, ಯಾವುದು ಮೆದು ಅಂತ ಹೇಗೆ ಗೊತ್ತಾಗ್ತದೆ ಮಾವ? ಎಲ್ಲವನ್ನೂ ನೀವು ಬದುಕಿಸಿಬಿಟ್ಟಿರಿ."

"ಬದುಕಿದ್ದು ತಪ್ಪಾ?"

"ನಾನು ಹೇಳಿದ್ದೆ. ಊಟಕ್ಕೆ ಕೂತಾಗೆಲ್ಲ ಹೇಳಿದ್ದೆ."

"ಹೇಳಿದ್ದಿ," ಎಂದರು ದೂಜ. "ನೀನು ನಿಜವಾಗಿ ಹೇಳ್ತಿದ್ದೀ ಅಂತ ಗೊತ್ತಾಗಲಿಲ್ಲ."

ಆ ರಾತ್ರಿಯ ಊಟಕ್ಕೆ ಮನೆಯಲ್ಲಿ ಮಾತಿರಲಿಲ್ಲ. ಮಾರನೆಯ ಬೆಳಿಗ್ಗೆ ಅದರ ಬಾಕಿಯೂ ಸೇರಿ ಬಂತು.

"ಅಪ್ಪಾ, ನಿಮಗೆ ಕೇಳಿ ಮಾಡ್ಲಿಕ್ಕೆ ಏನಾಗಿತ್ತು?" ಎಂದು ಧನರಾಜ್ ರೇಗಿದ.

"ನಿನ್ನನ್ನು ಕೇಳೋದಾ? ನೀನು ಮನೆಯಲ್ಲಿ ಇದ್ದರಲ್ವಾ?"

"ನಾನು ಕೆಲಸ ಹುಡುಕ್ಲಿಕ್ಕೆ ಹೋಗೋದು."

"ಹುಡುಕು. ನಾನು ಬೇಡ ಅಂದೆನಾ?"

"ಇಬ್ಬರೂ ಸುಮ್ಮನಿರಿ," ಎಂದರು ರಾಜೀವಿ. "ಕಿತ್ತದ್ದು ನಾನು. ಬಯ್ಯುವುದಾದರೆ ನನಗೂ ಸ್ವಲ್ಪ ಇಡಿ."

ನಮಿತಾ ಕೇಂದ್ರದ ಮುಖ್ಯಸ್ಥ ಡಾ. ಕಿಶೋರರಿಗೆ ಫೋನ್ ಮಾಡಿ ಆದದ್ದನ್ನು ಆದ ಹಾಗೆ ಹೇಳಿದಳು. ಅವರು ಮೊದಲು ನಕ್ಕರು. ಆಮೇಲೆ, ಸೆಪ್ಟೆಂಬರ್ ಕೊನೆಗೆ ತಾನೇ ಬಂದು ನೋಡುತ್ತೇನೆ, ಅಷ್ಟರೊಳಗೆ ಮತ್ತೆ ಹಚ್ಚು ಎಂದರು. ಮತ್ತೆ ಹಚ್ಚಬೇಕಾದರೆ ಎರಡು ಕೆಲಸ. ತುತ್ತು ಬಿದ್ದ ಎಲೆಗಳನ್ನೆಲ್ಲ ಕತ್ತರಿಸಿ ಹೊಸ ಎಲೆ ಬರುವವರೆಗೆ ಕಾಯುವುದು ಸುಲಭದ್ದು. ಕಷ್ಟದ್ದು, ರೋಗ ತರುವುದು. ಅತ್ತೆ ಅದನ್ನು ಕಸದ ಗಾಡಿಗೆ ಕಳಿಸಿಯಾಗಿತ್ತು.

ಹಾಗೆ ಮಾವ ಸೊಸೆ ಇಬ್ಬರೂ ಕೊಳೆತ ಎಲೆ ಹುಡುಕಿಕೊಂಡು ಲೋಕಲ್ ಹತ್ತಿದರು. ಹಳಿಗಳ ಪಕ್ಕದ ರೈಲ್ವೆ ಜಾಗದಲ್ಲಿ ಪಾಲಕ್, ಬೆಂಡೆ, ಕೆಸು ಬೆಳೆಯುವವರಿದ್ದಾರೆ. ಒಂದೊಂದೇ ಸ್ಟೇಷನ್ನಿನಲ್ಲಿ ಇಳಿದು, ಕೆಸರು ದಾಟಿ, ಅವರ ಮುಂದೆ ನಿಂತರು. ಕೆಸುವಿಗೆ ಅಲ್ಲಿಯವರ ಹೆಸರು ಅಳು; ರೋಗ ಬಂದ ಕೆಸು ಉಂಟಾ ಎಂದು ದೂಜ ತಮ್ಮ ಹೋಟೆಲಿನ ಹಿಂದಿಯಲ್ಲಿ ಕೇಳುತ್ತಿದ್ದರು.

"ಭೈಯಾ, ಬೀಮಾರ್ ಅಳು ಹೈ ಕ್ಯಾ?"

ಒಬ್ಬನೂ ಹೌದೆನ್ನಲಿಲ್ಲ. ರೋಗ ಪಕ್ಕದವನ ಪಾತಿಯಲ್ಲಿರಬಹುದು ಎಂದರು; ಪಕ್ಕದವನು ಆಚೆಯವನ ಕಡೆ ಕೈ ತೋರಿಸಿದ. ಒಬ್ಬನಂತೂ ಇವರು ರೈಲ್ವೆಯ ಇನ್ಸ್‌ಪೆಕ್ಟರುಗಳೆಂದು ತಿಳಿದು ಒಂದು ಕಟ್ಟು ಒಳ್ಳೆಯ ಎಲೆಯನ್ನು ದೂಜರ ಕೈಗೆ ತುರುಕಿ ಕೈಮುಗಿದ. ಅದು ರಾಜೀವಿಯ ಪತ್ರೊಡೆಗಾಯಿತು. ಆಗಸ್ಟ್ ಪೂರ್ತಿ ಹಾಗೆಯೇ ಕಳೆಯಿತು. ರಜೆಯ ದಿನಗಳಲ್ಲಿ ಇಬ್ಬರೂ ಬೆನ್ನು ಒದ್ದೆ ಮಾಡಿಕೊಂಡು, ಆರೋಗ್ಯವಂತ ಸೊಪ್ಪು ಹೊತ್ತುಕೊಂಡು ಮನೆಗೆ ಬರುತ್ತಿದ್ದರು.

"ನಾವು ಬೇಡ ಅಂದಾಗ ಬಂತು, ಬಾ ಅಂದಾಗ ಇಲ್ಲ," ಎಂದರು ದೂಜ ಖಾಲಿ ಲೋಕಲ್ಲಿನಲ್ಲಿ ಕಾಲು ಚಾಚಿ. "ನಮ್ಮ ಧನು ಹುಡುಕುವ ಕೆಲಸದ ಹಾಗೆ."

ನಮಿತಾ ನಕ್ಕಳು. ಅಮಾವಾಸ್ಯೆಯ ನಂತರ ಮೊದಲ ಸಲ.

ಕೊನೆಗೆ ಸಿಕ್ಕಿದ್ದು ಕಲ್ಯಾಣದ ಆಚೆ. ಪಾತಿಯಲ್ಲಿ ಬಗ್ಗಿದ್ದ ಹೆಂಗಸು ತನ್ನಷ್ಟಕ್ಕೆ ಗೊಣಗುತ್ತಿದ್ದ ಕನ್ನಡ ಕೇಳಿ ದೂಜ ನಿಂತರು. ವಿಜಯಪುರದ ಕಡೆಯ ರಾಚವ್ವ ಆಕೆ. ಅವಳ ಹಿಂದೆ ಮೂಲೆಯಲ್ಲಿ ಅರ್ಧ ಪಾತಿ ಕಪ್ಪಾಗಿ ಮಲಗಿತ್ತು.

"ಅಕ್ಕಾ, ಆ ಕೊಳೆತದ್ದು ನಮಗೆ ಕೊಡ್ತೀರಾ?" ಎಂದಳು ನಮಿತಾ.

ರಾಚವ್ವ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು.

"ಜಡ್ಡಿನ ಎಲಿ ಯಾಕ ಬೇಕ್ರಿ? ಯಾರಿಗರೇ ಮಾಟಾ ಮಾಡಸಾವ್ರಿದ್ದೀರೇನು?"

"ಇಲ್ಲ ಅಕ್ಕಾ. ನನ್ನ ಗಿಡಕ್ಕೇ ಹಾಕ್ಲಿಕ್ಕೆ."

"ನಿಮ್ಮ ಗಿಡಕ್ಕ ನೀವ?" ಅವಳು ದೂಜರತ್ತ ತಿರುಗಿದಳು. "ಮಗಳಿಗೆ ಆರಾಮ ಇಲ್ಲೇನ್ರೀ?"

"ಸೊಸೆ," ಎಂದರು ದೂಜ. "ಆರಾಮ ಉಂಟು. ನಮ್ಮದೇ ಸ್ವಲ್ಪ ಸರಿ ಇಲ್ಲ."

ರಾಚವ್ವ ಎಲೆ ಕೊಟ್ಟಳು. ಕೊಟ್ಟು, ಯಾರ ಪಾತಿಯದ್ದೆಂದು ಎಲ್ಲಿಯೂ ಬಾಯಿಬಿಡಬಾರದೆಂದು ಆಣೆ ಹಾಕಿಸಿಕೊಂಡಳು.

ಆ ಸಂಜೆ ನಮಿತಾ ಕೊಳೆತ ಎಲೆಗಳನ್ನು ತಣ್ಣೀರಿನಲ್ಲಿ ನೆನೆಸಿ, ಆ ನೀರನ್ನು ಗಿಡಗಳ ಮೇಲೆ ಚಿಮುಕಿಸಿದಳು. ಅದೇ ಬಕೆಟು, ಅದೇ ತೆಂಗಿನ ಕಡ್ಡಿ. ದೂಜ ಪಕ್ಕದಲ್ಲಿ ಬ್ಯಾಟರಿ ಹಿಡಿದು ನಿಂತಿದ್ದರು, ಒಂದೂ ಎಲೆ ತಪ್ಪದಿರಲೆಂದು. ಸೆಪ್ಟೆಂಬರಿನ ಮಳೆ ಬಿಡದೆ ಹೊಯ್ಯಿತು. ವಾರ ಕಳೆಯುವುದರೊಳಗೆ ಮಚ್ಚೆಗಳು ಬಂದವು, ಮನೆಯಲ್ಲಿ ಸಂಭ್ರಮವಾಯಿತು. ಹತ್ತನೆಯ ಕ್ಲಾಸಿನ ಟೆಸ್ಟಿನಲ್ಲಿ ಯಕ್ಷಿತಾಳಿಗೆ ಬಂದ ಅಂಕಗಳನ್ನು ಯಾರೂ ಕೇಳಲಿಲ್ಲ.

ಆಮೇಲೆ ಗಿಡಗಳು ಬೀಳತೊಡಗಿದವು. ದಿನಕ್ಕೆ ಎರಡು, ನಾಲ್ಕು, ಒಂದು ದಿನ ಇಡೀ ಒಂದು ಸಾಲು. ಸಂಭ್ರಮ ಇಳಿಯಿತು. ನಮಿತಾ ಆಫೀಸಿಗೆ ಹೋಗುವ ಮೊದಲೊಮ್ಮೆ, ಬಂದ ಮೇಲೊಮ್ಮೆ ಹೋಗಿ ನೋಡುತ್ತಿದ್ದಳು. ಇಳಿದು ಬಂದಾಗ ರಾಜೀವಿ ಅವಳ ಮುಖ ನೋಡಿ, ಕೇಳದೆ, ಅನ್ನ ಬಡಿಸುತ್ತಿದ್ದರು. ಅವಳು ಅರ್ಧ ಬಿಟ್ಟು ಏಳುತ್ತಿದ್ದಳು.

"ತಿನ್ನು ಮಗಾ. ನೀನೂ ಬಿದ್ದರೆ ನಾವು ಯಾರನ್ನು ನೋಡೋದು?"

"ಎಷ್ಟು ಉಳಿದಿದೆ?" ಎಂದು ಧನರಾಜ್ ಕೇಳುತ್ತಿದ್ದ. ಈಚೆಗೆ ಅವನು ಯಾರನ್ನೂ ಮೀಟ್ ಆಗಲು ಹೋಗುತ್ತಿರಲಿಲ್ಲ.

"ಏಳು." ಮತ್ತೆ, "ಮೂರು." ಮತ್ತೆ ಒಂದು ದಿನ, "ಒಂದು."

ಆ ಒಂದು ನೀರಿನ ಟ್ಯಾಂಕಿಗೆ ಹತ್ತಿರದ ಕುಂಡದ್ದು. ದಂಟು ಕೆಂಪು, ಎಲೆ ಕಡು ಹಸಿರು. ಸುತ್ತಲಿದ್ದವೆಲ್ಲ ಕಪ್ಪು ಹಸಿಬಟ್ಟೆಯ ಹಾಗೆ ನೇತಾಡುತ್ತಿದ್ದಾಗ ಅದು ಮಾತ್ರ ನೆಟ್ಟಗೆ ನಿಂತಿತ್ತು. ದಿನ ಕಳೆದರೂ ಚುಕ್ಕೆ ಬೀಳಲಿಲ್ಲ. ರಾಜೀವಿ ಟ್ಯಾಂಕಿನ ಬಳಿ ದೀಪ ಇಡುತ್ತೇನೆಂದರು. ಯಕ್ಷಿತಾ ಅದರ ಫೋಟೋ ತೆಗೆದು ತನ್ನ ಗೆಳತಿಯರಿಗೆಲ್ಲ ಕಳಿಸಿದಳು. ದೂಜ ಬೆಳಿಗ್ಗೆ ಚಹಾದ ಲೋಟ ಹಿಡಿದು ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂರತೊಡಗಿದರು.

"ಇದು ಯಾರ ಹಾಗೆ? ಅಪ್ಪನ ಹಾಗಾ, ಅಮ್ಮನ ಹಾಗಾ?"

"ಗಡ್ಡೆಯಿಂದ ಬಂದದ್ದಾದರೆ ಅಮ್ಮನ ಹಾಗೇ ಇರ್ತದೆ ಮಾವ. ಬೀಜದ್ದಲ್ವಾ, ಯಾರ ಹಾಗೂ ಇರಬಹುದು."

"ಯಾರ ಹಾಗೂ ಅಲ್ಲದ ನನ್ನ ಮಗನ ಹಾಗೆ ಅನ್ನು."

ಡಾ. ಕಿಶೋರ ಬರುವ ದಿನ ಬೆಳಿಗ್ಗೆ ನಮಿತಾ ಆ ಗಿಡವನ್ನು ಒರೆಸಿ ಇಡೋಣವೆಂದು ಹೋದಳು. ಎಲೆಯನ್ನು ಮಗುಚಿ ಹಿಡಿದಳು. ದಂಟು ಎಲೆಗೆ ಸೇರುವ ಗುಳಿಯಲ್ಲಿ, ಮಳೆನೀರು ತಾಗದ ಕಡೆ, ನೀಲಿ ಬಿಳಿ ಪುಡಿ ಅಂಟಿಕೊಂಡಿತ್ತು. ಇನ್ನೊಂದು ಎಲೆ ನೋಡಿದಳು. ಅದರಲ್ಲೂ ಇತ್ತು. ಕಳೆದ ವಾರವಷ್ಟೇ ಬಿಚ್ಚಿದ ಎಲೆ ಅದು. ಅಮಾವಾಸ್ಯೆಯ ತುತ್ತು ಅದಕ್ಕೆ ಬರಲು ಸಾಧ್ಯವಿರಲಿಲ್ಲ.

ಅವಳು ಕೆಳಗೆ ಬಂದಳು. ದೂಜ ಸ್ನಾನಕ್ಕೆ ಹೋಗಿದ್ದರು. ಧನರಾಜ್ ಕನ್ನಡಿಯ ಮುಂದೆ ಗಡ್ಡ ಮಾಡಿಕೊಳ್ಳುತ್ತಿದ್ದ. ಅವಳು ಬಾಗಿಲಲ್ಲಿ ನಿಂತದ್ದನ್ನು ಕನ್ನಡಿಯಲ್ಲಿ ನೋಡಿದ, ಕೈ ನಿಲ್ಲಿಸಿದ.

"ಮಾವ ಅಲ್ಲ ಅಲ್ವಾ?" ಎಂದಳು.

"ಅಲ್ಲ."

"ಯಾವಾಗಿನಿಂದ?"

"ಮೂರು ಉಳಿದಾಗ. ಮೂರಕ್ಕೂ ಬ್ರಶ್ಶಿನಲ್ಲಿ ತುತ್ತು ಹಾಕಿದ್ದೆ. ಎರಡಕ್ಕೆ ತಡವಾಯ್ತು."

ಬಕೆಟಿನಲ್ಲಿ ನೀರು ತುಂಬುವ ಸದ್ದು ಸ್ನಾನದ ಮನೆಯಿಂದ ಬರುತ್ತಿತ್ತು. ಇಬ್ಬರೂ ಮೆಲ್ಲಗೆ ಮಾತಾಡಿದರು.

"ನೋಡು ನಮಿ, ಅವರು ಬರ್ತಾರೆ, ನೋಡ್ತಾರೆ, ಸೈನ್ ಮಾಡ್ತಾರೆ. ಎರಡು ವರ್ಷ ಸಿಗ್ತದೆ. ಆ ಎರಡು ವರ್ಷದಲ್ಲಿ ನಿಜವಾದದ್ದನ್ನು ಹುಡುಕು. ಯಾರಿಗೆ ನಷ್ಟ?"

"ಇದರ ಗಡ್ಡೆ ಮಾಡಿ ಬೆಳೆಯುವವರಿಗೆ ಕೊಡ್ತಾರೆ, ಧನು. ರಾಚವ್ವನ ಹಾಗಿದ್ದವರಿಗೆ. ಅವರು ಔಷಧಿ ಬೇಡ ಅಂತ ನಂಬಿ ನೆಡ್ತಾರೆ. ಅಲ್ಲಿ ಬ್ರಶ್ ಹಿಡ್ಕೊಂಡು ನೀನು ಹೋಗ್ತೀಯಾ?"

"ಅಷ್ಟರವರೆಗೆ ಹೋಗುವುದಿಲ್ಲ ಅದು."

"ಹೋಗ್ಲಿಕ್ಕೆಂದೇ ನಾನು ಇಷ್ಟು ವರ್ಷ ಮಾಡಿದ್ದು."

"ಮತ್ತೆ ಯಕ್ಷಿತಾ? ಹತ್ತನೆಯ ಕ್ಲಾಸಿನ ನಡುವೆ ಎತ್ತಿಕೊಂಡು ಎಲ್ಲಿಗೆ ಹೋಗೋದು? ನಾನು ಏನೂ ಮಾಡುವುದಿಲ್ಲ ಅಂತ ಎಲ್ಲರೂ ಹೇಳ್ತೀರಲ್ಲ. ನಾನು ಮಾಡಿದ್ದು ಇದೊಂದೇ."

ನಮಿತಾ ಮತ್ತೆ ಮೇಲೆ ಹೋಗಿ ಕೆಂಪು ದಂಟಿನ ಕುಂಡವನ್ನು ಎತ್ತಿ ಟ್ಯಾಂಕಿನ ಹಿಂದೆ ಇಟ್ಟಳು.

ಡಾ. ಕಿಶೋರ ಹನ್ನೊಂದರ ಸುಮಾರಿಗೆ ಬಂದರು. ಬೆಳಗಾವಿಯ ಕಡೆಯವರು, ತೆಳ್ಳಗಿನ ಮನುಷ್ಯ, ಕೊಡೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡರು. ಸಾಲುಗಳ ನಡುವೆ ನಿಧಾನವಾಗಿ ನಡೆದರು. ಸತ್ತ ಎಲೆಗಳನ್ನು ಕೊಡೆಯ ತುದಿಯಿಂದ ಎತ್ತಿ ನೋಡಿದರು. ಧನರಾಜ್ ಮೆಟ್ಟಿಲ ಬಾಗಿಲಲ್ಲಿ ನಿಂತಿದ್ದ. ಕೆಳಗಿನಿಂದ ರಾಜೀವಿ ತೆಂಗಿನಕಾಯಿ ಅರೆಯುವ ಮಿಕ್ಸಿಯ ಸದ್ದು ಬರುತ್ತಿತ್ತು. ಸಾರ್ ಊಟ ಮಾಡಿಯೇ ಹೋಗಬೇಕು ಎಂದು ಅವರು ಬೆಳಿಗ್ಗೆಯೇ ತೀರ್ಮಾನಿಸಿದ್ದರು.

"ಜಡ್ಡು ಛಲೋ ಹಚ್ಚೀ," ಎಂದರು ಕಿಶೋರ. "ಆದ್ರ ಒಂದೂ ಉಳದಿಲ್ಲೇನು?"

"ಇಲ್ಲ ಸರ್."

"ಒಂದೂ?"

"ಇಲ್ಲ."

"ಒಂದು ಉಂಟು," ಎಂದು ಟ್ಯಾಂಕಿನ ಕಡೆಯಿಂದ ಧ್ವನಿ ಬಂತು. ದೂಜ ಒಗೆದ ಪಂಚೆ ಉಟ್ಟು, ಎರಡೂ ಕೈಯಲ್ಲಿ ಕುಂಡ ಅಪ್ಪಿಕೊಂಡು ಬಂದರು. "ಯಾರೋ ಹಿಂದೆ ಇಟ್ಟಿದ್ದಾರೆ ಸಾರ್. ಗಾಳಿಗೆ ಬೀಳ್ತದೆ ಅಂತ ಇರಬೇಕು. ಇವಳಿಗೆ ಗಡಿಬಿಡಿಯಲ್ಲಿ ನೆನಪಿಲ್ಲ."

ಕುಂಡವನ್ನು ಕಿಶೋರರ ಕಾಲ ಬಳಿ ಇಟ್ಟರು. ಕಿಶೋರ ಮೊಣಕಾಲೂರಿ ಕೂತರು. ಅವರ ಮುಖ ಬದಲಾಯಿತು.

"ಅರೇ. ಇದನ್ನ ಯಾಕ ಮುಚ್ಚಿಟ್ಟಿದ್ದಿ ನಮಿತಾ? ಇದರ ಸಲುವಾಗೇ ಬಂದೇನಲ್ಲ ನಾನು."

ದೂಜ ಸೊಸೆಯ ಕಡೆ ನೋಡಿ ನಕ್ಕರು. ಆಟಿ ಅಮಾವಾಸ್ಯೆಯಿಂದ ಅವರಿಗೆ ಆ ನಗು ಸಿಕ್ಕಿರಲಿಲ್ಲ. ನಮಿತಾ ಕುಂಡದ ಬಳಿ ಬಂದಳು.

"ಅದಕ್ಕೆ ತುತ್ತು ಹೊಡೆದದ್ದು ಸರ್."

ಕಿಶೋರ ಎಲೆ ಮಗುಚಿದರು. ಬೆರಳನ್ನು ಗುಳಿಯೊಳಗೆ ಇಟ್ಟು ತೆಗೆದರು. ಬೆರಳಿನ ತುದಿ ನೀಲಿಯಾಗಿತ್ತು.

"ಎರಡನೇ ಸಲಾ?" ಎಂದರು. "ಈ ಸಲಾ ಯಾರು?"

ದೂಜ ಆ ಬೆರಳು ನೋಡಿದರು. ಸೊಸೆಯನ್ನು ನೋಡಿದರು. ಆಮೇಲೆ ಬಾಗಿಲಲ್ಲಿ ನಿಂತ ಮಗನನ್ನು ನೋಡಿದರು. ಧನರಾಜ್‌ನ ಬಾಯಿ ತೆರೆದಿತ್ತು. ಅದರಿಂದ ಏನೂ ಬರುತ್ತ ಇರಲಿಲ್ಲ.

"ನಾನೇ ಸಾರ್," ಎಂದರು ದೂಜ. "ಆಗಲೂ ನಾನೇ. ಮುದುಕ, ಬುದ್ಧಿ ಇಲ್ಲ."

ನಮಿತಾ ಏನೋ ಹೇಳಹೊರಟಳು. ಮಾವ ಅವಳತ್ತ ನೋಡದೆಯೇ ಕೈ ಅಡ್ಡ ಹಿಡಿದರು.

ಕಿಶೋರ ಎದ್ದು ಮೊಣಕಾಲಿನ ಮಣ್ಣು ಕೊಡವಿದರು. "ಒಮ್ಮೆ ಆದ್ರ ತಪ್ಪಾತು ಅಂತ ಬರೀತೀನಿ. ಎರಡನೇದ್ದಕ್ಕ ನಾ ಏನ ಬರೀಲಿ?" ಬೆರಳಿನ ನೀಲಿ ಒರೆಸಿಕೊಳ್ಳುತ್ತ, "ನೀ ಹೇಳದಿದ್ರ ನನಗ ತಿಳೀತಿರ್ಲಿಲ್ಲ," ಎಂದರು. ಅದು ಮೆಚ್ಚುಗೆಯೋ ಬೈಗುಳವೋ ಯಾರಿಗೂ ತಿಳಿಯಲಿಲ್ಲ. ಊಟಕ್ಕೆ ನಿಲ್ಲಲಿಲ್ಲ. ಯೋಜನೆ ತಿಂಗಳ ಕೊನೆಗೆ ಮುಗಿಯುತ್ತದೆ ಎಂದು ಲಿಫ್ಟಿನ ಬಾಗಿಲು ಎಳೆಯುವಾಗ ಹೇಳಿದರು.

ಟೆರೇಸಿನಲ್ಲಿ ಅಪ್ಪ ಮಗ ಇಬ್ಬರೇ ಉಳಿದರು.

"ಅಪ್ಪಾ, ನೀವು ಯಾಕೆ ಹಾಗೆ ಹೇಳಿದ್ದು?"

"ನನ್ನ ಹೆಸರು ಹೇಗೂ ಕೆಟ್ಟಿತ್ತು. ಅದರಲ್ಲೇ ಇದೂ ಹೋಗ್ಲಿ ಅಂತ."

"ನನಗೆ ಹೇಳ್ಲಿಕ್ಕೆ ಆಗಲಿಲ್ಲ."

"ಗೊತ್ತಾಯ್ತು. ನಾನು ಸ್ವಲ್ಪ ಹೊತ್ತು ಕಾದೆ."

ದೂಜ ಕುರ್ಚಿ ಮಡಚಿಕೊಂಡು ಇಳಿದು ಹೋದರು. ಧನರಾಜ್ ಬಹಳ ಹೊತ್ತಿನ ಮೇಲೆ ಬಂದ. ನಮಿತಾ ಹಾಲಿನಲ್ಲಿ ಫೋನ್ ಕೈಯಲ್ಲಿ ಹಿಡಿದು ಕೂತಿದ್ದಳು. ಮನೆಯ ಮಾಲೀಕರ ನಂಬರ್ ತೆರೆದಿತ್ತು. ಯಕ್ಷಿತಾ ಅಜ್ಜನ ಪಕ್ಕದಲ್ಲಿ ಕೂತು ಅಮ್ಮನ ಬೆರಳನ್ನೇ ನೋಡುತ್ತಿದ್ದಳು. ಅಡುಗೆಮನೆಯಲ್ಲಿ, ಊಟಕ್ಕೆ ನಿಲ್ಲದ ಅತಿಥಿಯ ಪಾಲಿನ ಮಸಾಲೆಯನ್ನು ಮಿಕ್ಸಿ ಇನ್ನೂ ಅರೆಯುತ್ತಿತ್ತು.

"ಕೊಡು," ಎಂದ ಧನರಾಜ್. "ನಾನು ಹೇಳ್ತೇನೆ."

ಅವನು ಫೋನ್ ಕಿವಿಗಿಟ್ಟುಕೊಂಡ. ರಾಜೀವಿ ಮಿಕ್ಸಿ ನಿಲ್ಲಿಸಿದರು. ನಮಸ್ಕಾರ, ಧನರಾಜ್ ಮಾತಾಡುವುದು, ತಿಂಗಳ ಕೊನೆಗೆ ಮನೆ ಬಿಡುತ್ತೇವೆ ಎಂದು ಹಿಂದಿಯಲ್ಲಿ ಹೇಳಿದ. ಆ ಕಡೆಯಿಂದ, ಯಾಕೆ, ಏನಾಯಿತು ಎಂದು ಕೇಳಿರಬೇಕು.

ಧನರಾಜ್ ಅಪ್ಪನ ಕಡೆ ತಿರುಗಲಿಲ್ಲ, ಹೆಂಡತಿಯ ಕಡೆಯೂ ತಿರುಗಲಿಲ್ಲ.

"ಮೇರೀ ವಜಹ್ ಸೇ," ಎಂದ. ಮನೆಯವರೆಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಇನ್ನೊಮ್ಮೆ ಹೇಳಿದ, "ನನ್ನಿಂದಾಗಿ."

ಎರಡನೆಯದು ಕನ್ನಡದಲ್ಲಿತ್ತು, ಮಾಲೀಕರಿಗೆ ಅರ್ಥವಾಗಲಿಲ್ಲ. ಬಣ್ಣ ಬಳಿಸುವ ಖರ್ಚನ್ನು ಡಿಪಾಸಿಟಿನಲ್ಲಿ ಹಿಡಿದುಕೊಳ್ಳುತ್ತೇನೆ ಎಂದರು.